ಚಕ್ರದ ಕೆಳಗಿನ ನಂಬರು

ಬೀದರಿನ ಹಳೆಯ ಶಹರದಲ್ಲಿ ಭಿಸ್ತಿಗಲ್ಲಿ ಎಂದು ಒಂದು ಗಲ್ಲಿ. ಅದರ ಎರಡು ಬದಿಗೆ ಎರಡು ಸಾಲು ಮನೆ. ಒಂದು ಸಾಲಿನಲ್ಲಿ ಹತ್ತೊಂಬತ್ತು ಬೌದ್ಧ ಕುಟುಂಬಗಳು, ಎದುರು ಸಾಲಿನಲ್ಲಿ ಹದಿನೇಳು ಮುಸಲ್ಮಾನ ಕುಟುಂಬಗಳು. ನಡುವಿನ ದಾರಿಯಲ್ಲಿ ಒಂದು ಆಟೋ ಬಂದರೆ ಕಟ್ಟೆಯ ಮೇಲೆ ಕುಳಿತ ಮುದುಕರು ಕಾಲು ಮಡಚಿಕೊಳ್ಳಬೇಕು. ಕೈಯಲ್ಲಿ ನಾಲ್ಕು ಕಾಸು ಆಡಿದವರು ಮೈಲೂರಿನ ಕಡೆ ಮನೆ ಕಟ್ಟಿಕೊಂಡು ಹೋಗಿದ್ದರು. ಉಳಿದವರ ಗೋಡೆಗಳು ಮಳೆಗಾಲಕ್ಕೊಮ್ಮೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತಿದ್ದವು. ಈ ಗಲ್ಲಿಗೆ ಹೆಣ್ಣು ಕೊಡಲು ಬಂದವರು ಮಾಳಿಗೆಯ ತೊಲೆಯನ್ನು ನೋಡಿ, ನೀರು ಕುಡಿದು, ಹೇಳುತ್ತೇವೆ ಎಂದು ಎದ್ದು ಹೋಗುತ್ತಿದ್ದರು.

ಹಾಗಿರುವಾಗ ಹಳೆಯ ಶಹರಕ್ಕೆ ಜೀವ ತುಂಬುವ ಯೋಜನೆ ಎಂದು ಒಂದು ಬಂತು. ಗಲ್ಲಿಯನ್ನು ಪೂರ್ತಿ ಕೆಡವಿ ಅದೇ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಕಟ್ಟುವುದು, ಇದ್ದವರಿಗೆಲ್ಲ ಅದರಲ್ಲಿ ಒಂದೊಂದು ಮನೆ ಕೊಡುವುದು, ಅಲ್ಲಿಯವರೆಗೆ ಬೇರೆ ಕಡೆ ಇರಲು ಬಾಡಿಗೆ ಕೊಡುವುದು. ಇದನ್ನು ಗಲ್ಲಿಗೆ ತಂದವನು ಸುಶೀಲಕುಮಾರ. ಅವನಿಗೆ ಆಗ ನಲವತ್ತಾರು ವರ್ಷ. ಭಾಲ್ಕಿಯಲ್ಲಿ ಮನೆ ಮಾಡಿದ್ದ, ಬೀದರಿನಲ್ಲಿ ನಾಲ್ಕು ಮಂದಿಯ ನಡುವೆ ಓಡಾಡುತ್ತಿದ್ದ, ಗಲ್ಲಿಯ ವಿಹಾರ ಸಮಿತಿಗೆ ಅಧ್ಯಕ್ಷನಾಗಿದ್ದ. ಖಟಕ ಚಿಂಚೋಳಿಯಿಂದ ಆರನೆಯ ವಯಸ್ಸಿಗೆ ಬಂದು, ಸೋದರಮಾವ ಮಚ್ಛೇಂದ್ರ ಮಾಸ್ತರರ ಮನೆಯಲ್ಲಿ ಹತ್ತು ವರ್ಷ ಉಂಡು ಓದಿದವನು.

ಮಾಸ್ತರರ ಹೆಂಡತಿ ಅನುಸೂಯಾಬಾಯಿ. ಅವಳಿಗೆ ಹೊಟ್ಟೆಯ ಮಕ್ಕಳಿರಲಿಲ್ಲ. ಸುಶೀಲನಿಗೆ ತಲೆ ಬಾಚಿದ್ದು, ಜ್ವರ ಬಂದಾಗ ಹಣೆಗೆ ತಣ್ಣನೆಯ ಬಟ್ಟೆ ಹಾಕಿದ್ದು, ಎಲ್ಲ ಅವಳೇ. ಪ್ರತಿ ರವಿವಾರ ಸಂಜೆ ವಿಹಾರದಲ್ಲಿ ಬಿಳಿ ಸೀರೆ ಉಟ್ಟು ಮುಂದೆ ಕುಳಿತು ವಂದನೆ ಹೇಳಿಸುವವಳೂ ಅವಳೇ. ಅವಳು ಹೇಳಿದ ಮೇಲೆ ಗಲ್ಲಿಯವರು ಹೇಳುತ್ತಿದ್ದರು.

ಯೋಜನೆಗೆ ಒಪ್ಪಿಗೆ ಬರೆದುಕೊಡಬೇಕಾದಾಗ ಯಾರ ಕೈಯೂ ಮುಂದೆ ಬರಲಿಲ್ಲ. ಕೆಡವಿದ ಮೇಲೆ ಕಟ್ಟದಿದ್ದರೆ? ಕಟ್ಟಿದ ಮೇಲೆ ಕೊಡದಿದ್ದರೆ? ಮಾಸ್ತರರಿಗೆ ಆಗಲೇ ಶ್ವಾಸದ ರೋಗ ಹೆಚ್ಚಾಗಿತ್ತು. ಇಬ್ಬರು ಹಿಡಿದುಕೊಂಡು ವಿಹಾರಕ್ಕೆ ಕರೆತಂದರು. ಅವರು ಬುದ್ಧಮೂರ್ತಿಯ ಮುಂದೆ ಕುಳಿತು, ಉಸಿರು ಕೂಡಿಸಿಕೊಂಡು ಹೇಳಿದರು.

"ಸುಶೀಲ ನನ್ನ ಕೈಯಾಗ ಅಕ್ಷರ ಕಲ್ತಾನ. ಅವನ ಮಾತು ಅಂದ್ರ ನನ್ನ ಮಾತು ಅಂತ ತಿಳೀರಿ. ಈ ಸಾಲಿನಾಗ ಒಬ್ಬರಿಗಿ ಮನಿ ತಪ್ಪಿದ್ರೂ ನನ್ನ ಮನಿ ಬಾಗಲಿಗಿ ಬಂದು ಕೇಳ್ರಿ."

ಮೊದಲ ಸಹಿ ಅವರದು. ಎರಡನೆಯದು ಅನುಸೂಯಾಬಾಯಿಯದು. ಆಮೇಲೆ ಹತ್ತೊಂಬತ್ತು ಮನೆಯೂ ಸಹಿ ಮಾಡಿತು.

ಹದಿನೈದು ದಿನಕ್ಕೆ ಸರ್ವೆದವರು ಬಂದರು. ಔರಾದಿನ ಸರಿತಾ ಎಂಬ ಹುಡುಗಿ ಡಬ್ಬಿ, ಬ್ರಶ್ಶು ಹಿಡಿದು ಪ್ರತಿ ಬಾಗಿಲ ಬಲಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬರೆದಳು. ಮಾಸ್ತರರು ಹಿಂದೊಮ್ಮೆ ಔರಾದಿನಲ್ಲಿ ಅವಳ ತಂದೆಗೆ ಪಾಠ ಹೇಳಿದ್ದರೆಂದು ತಿಳಿದು, ಒಳಗೆ ಬಂದು ಅವರ ಕಾಲು ಮುಟ್ಟಿ ಚಹಾ ಕುಡಿದು ಹೋದಳು. "ಈ ನಂಬರ ಅಳಸಬ್ಯಾಡ್ರಿ ಅಮ್ಮಾ, ಇದರ ಮ್ಯಾಲೇ ಮನಿ ಸಿಗ್ತದ" ಎಂದಳು. ಅನುಸೂಯಾಬಾಯಿಯ ಮನೆಗೆ ಹದಿಮೂರನೆಯ ನಂಬರು ಬಂತು.

ಸಂಕ್ರಾಂತಿ ಮುಗಿದ ನಾಲ್ಕನೆಯ ದಿನ ಮಾಸ್ತರರು ತೀರಿಕೊಂಡರು. ಐವತ್ತೊಂದು ವರ್ಷ ಒಂದೇ ತಾಟಿನ ಎರಡು ಬದಿಗೆ ಕುಳಿತು ಉಂಡವರಲ್ಲಿ ಒಬ್ಬರು ಎದ್ದು ಹೋದರು. ಬುದ್ಧ ಭಗವಾನರು ಎಲ್ಲವೂ ಅನಿತ್ಯ ಎಂದು ಹೇಳಿದ್ದನ್ನು ಅವಳು ನೂರಾರು ಮಂದಿಗೆ ಹೇಳಿದ್ದಳು. ಈಗ ತನಗೆ ತಾನು ಹೇಳಿಕೊಂಡಳು. ಮಾತು ಕಿವಿಗೆ ಕೇಳಿಸಿತು, ಎದೆಗೆ ಇಳಿಯಲಿಲ್ಲ.

ಚೈತ್ರದಲ್ಲಿ ಜಯಂತಿ ಬಂತು. ಬಾಬಾಸಾಹೇಬರ ಜಯಂತಿಗೆ ಮುಂಚೆ ಮನೆಯ ಮುಂಗೋಡೆಗೆ ಸುಣ್ಣ ಬಳಿಯುವುದು ಆ ಸಾಲಿನ ಹೆಂಗಸರ ವಾಡಿಕೆ. ಮದುವೆಗೆ ಸುಣ್ಣ ತಪ್ಪಿದರೂ ಜಯಂತಿಗೆ ತಪ್ಪಿದ್ದಿಲ್ಲ. ಆ ವರ್ಷ ಎಲ್ಲರೂ ನಂಬರಿನ ಚಿಂತೆಯಲ್ಲಿದ್ದರು. ಅಷ್ಟರಲ್ಲಿ ಸುಶೀಲಕುಮಾರ ಒಂದು ಟಂಟಂ ಗಾಡಿಯ ತುಂಬ ಬಣ್ಣದ ಡಬ್ಬಿ ಹಾಕಿಕೊಂಡು, ಸರ್ದಾರ ಎಂಬ ಪೇಂಟರನನ್ನು ಕೂಡಿಸಿಕೊಂಡು ಬಂದ.

"ಮಾಮಿ, ಈ ಸಲ ಸುಣ್ಣ ಬ್ಯಾಡ. ಮಾಮಾ ಹೋದ ವರ್ಷ ಇದು. ಅವರ ಹೆಸರಿಲೆ ಇಡೀ ಸಾಲಿಗಿ ನಾನ ಬಣ್ಣ ಕೊಡ್ತೇನಿ. ಬಿಳೀ ಗ್ವಾಡಿ, ಬಾಗಲ ಬಾಜೂಕ ನೀಲಿ ಧಮ್ಮಚಕ್ರ. ಕಡೇ ಜಯಂತಿ ಇದು ಈ ಗಲ್ಲಿಯಾಗ. ನೋಡಿದವರು ನೋಡಬೇಕು."

ಅನುಸೂಯಾಬಾಯಿ ಗೋಡೆಯ ಕಡೆ ನೋಡಿದಳು. "ನಂಬರು?"

"ಅದೆಲ್ಲ ಕಂಪ್ಯೂಟರದಾಗ ಹೋಗ್ಯಾದ ಮಾಮಿ. ಗ್ವಾಡಿ ಮ್ಯಾಲಿಂದು ಯಾರ ಕೇಳ್ತಾರ?"

ಎದುರು ಸಾಲಿನ ರಹೀಮುನ್ನಿಸಾ ತನ್ನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದವಳು ಅಲ್ಲಿಂದಲೇ ಕೂಗಿದಳು. "ಏ ಸುಶೀಲಭಾಯಿ, ನಮ್ಮ ಗ್ವಾಡಿ ಏನ ಪಾಪ ಮಾಡ್ಯಾವ? ಒಂದ ಡಬ್ಬಿ ಇತ್ತಲಾಗ ಒಗೀರಿ!"

"ಇದು ಜಯಂತಿ ಬಣ್ಣ ಖಾಲಾ, ನಿಮ್ಮ ಈದಿಗಿ ಹಸರ ತರ್ತೇನಿ."

"ಇಲ್ಲಿತನಾ ನೀವು ತಂದಿದ್ದು ಬರೇ ಮಾತಿನ ಹಸರ" ಎಂದಳು ರಹೀಮುನ್ನಿಸಾ. ಗಲ್ಲಿಯೆಲ್ಲ ನಕ್ಕಿತು. ಸುಶೀಲನೂ ನಕ್ಕ.

ಎರಡು ದಿನ ಹೆಂಗಸರೆಲ್ಲ ಸೆರಗು ಕಟ್ಟಿ ಬಳಿದರು. ಪಕ್ಕದ ಮನೆಯ ಚಂದ್ರಭಾಗಾ ಮೂಗಿನ ತುದಿಗೆ ಬಣ್ಣ ಮಾಡಿಕೊಂಡು, "ಬಾಯೀ, ಸತ್ತ ಮ್ಯಾಲ ನನಗೂ ಹಿಂಗ ಬಳದ ಕಳಸ್ರಿ" ಎಂದು ಮಾಸ್ತರರು ಹೋದ ಮೇಲೆ ಮೊದಲ ಸಲ ಅನುಸೂಯಾಬಾಯಿಯನ್ನು ನಗಿಸಿದಳು. ಹಿಂದಿನಿಂದ ಸರ್ದಾರ ಬಂದು, ಪ್ರತಿ ಬಾಗಿಲ ಬಲಕ್ಕೆ, ಕೆಂಪು ನಂಬರು ಇದ್ದ ಜಾಗಕ್ಕೇ ಸರಿಯಾಗಿ, ಇಪ್ಪತ್ನಾಲ್ಕು ಕಡ್ಡಿಯ ನೀಲಿ ಚಕ್ರ ಬರೆದ. ಅನುಸೂಯಾಬಾಯಿ ತನ್ನ ಗೋಡೆಯ ಚಕ್ರಕ್ಕೆ ಕೈಮುಗಿದಳು. ಅಂದಿನಿಂದ ಹೊರಗೆ ಹೋಗುವಾಗ, ಒಳಗೆ ಬರುವಾಗ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ರೂಢಿಯಾಯಿತು.

ಮೇ ತಿಂಗಳ ಬಿಸಿಲಿನಲ್ಲಿ ತಪಾಸಣೆಯವರು ಬಂದರು. ಹೊಸ ಅಧಿಕಾರಿ, ಬೆವರು ಒರೆಸಿಕೊಳ್ಳುತ್ತ ಕೈಯಲ್ಲಿನ ಪಟ್ಟಿ ನೋಡಿಕೊಂಡು ಎದುರು ಸಾಲನ್ನು ಒಂದು ತಾಸಿನಲ್ಲಿ ಮುಗಿಸಿದ. ಈ ಸಾಲಿಗೆ ಬಂದು ಗೋಡೆಯಿಂದ ಗೋಡೆಗೆ ನಡೆದ.

"ನಂಬರ್ ಎಲ್ಲಿ?"

"ಬಣ್ಣದ ಕೆಳಗದ ರೀ" ಎಂದಳು ಅನುಸೂಯಾಬಾಯಿ.

"ಕೆಳಗಿದ್ದದ್ದು ನನಗ ಹ್ಯಾಂಗ ಕಾಣಬೇಕ್ರಿ ಅಮ್ಮಾ? ಸರ್ವೆ ಆದ ಮ್ಯಾಲೆ ಬಂದು ಸೇರಿಕೊಂಡವರೂ ಹಿಂಗೇ ಹೇಳ್ತಾರ. ಪಟ್ಟಿಯಾಗ ಹೆಸರಿರಬೇಕು, ಗ್ವಾಡಿ ಮ್ಯಾಲ ನಂಬರಿರಬೇಕು. ಎರಡೂ ಕೂಡಿದ್ರ ಮನಿ. ಈ ತಿಂಗಳ ಇಪ್ಪತ್ತೆಂಟಕ್ಕ ಮತ್ತ ಬರ್ತೇನಿ. ಆವತ್ತೂ ಇರಲಿಲ್ಲಂದ್ರ ಈ ಸಾಲು ಪಟ್ಟಿಯಿಂದ ಹೋಗ್ತದ."

ಅವನು ಹೋದ ಮೇಲೆ ಗಲ್ಲಿಯಲ್ಲಿ ಗದ್ದಲ. ಚಂದ್ರಭಾಗಾ ಎದುರು ಸಾಲಿಗೆ ಕೇಳುವಂತೆ, "ಅವರದೆಲ್ಲ ಉಳೀತು ನೋಡ್ರಿ. ಒಳಗಿಂದೊಳಗ ಏನ ಮಾಡ್ಕೊಂಡಾರೊ" ಎಂದಳು. ಅನುಸೂಯಾಬಾಯಿ ಅವಳ ಬಾಯಿ ಮುಚ್ಚಿಸಿದಳು. ಸುಶೀಲನಿಗೆ ಫೋನು ಹಚ್ಚಿದಳು. "ನಾ ಇದ್ದೇನಲ್ಲ ಮಾಮಿ, ನೋಡ್ತೇನಿ" ಎಂದ. ಮೂರು ದಿನ ಬಿಟ್ಟು ಹಚ್ಚಿದಳು. ನೋಡ್ತೇನಿ ಎಂದ. ಆಮೇಲೆ ಫೋನು ಎತ್ತಲಿಲ್ಲ.

ಅಷ್ಟರೊಳಗೆ ಇಬ್ಬರು ಮೂವರು ಅವಳ ಬಾಗಿಲಿಗೆ ಬಂದು ನಿಂತರು. ಬೈಯಲಿಲ್ಲ. "ಮಾಸ್ತರು ಹೇಳಿದ್ರಲ್ಲ ಬಾಯೀ, ಮನಿ ತಪ್ಪಿದ್ರ ನಮ್ಮ ಬಾಗಲಿಗಿ ಬರ್ರಿ ಅಂತ. ಅದಕ ಬಂದೀವಿ" ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚಾಯಿತು. ಸತ್ತವರ ಮಾತನ್ನು ಉಳಿಸಬೇಕಾದವರು ಬದುಕಿದ್ದವರೇ. ಅವಳಿಗೆ ಆ ರಾತ್ರಿಯ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಔರಾದ ಬಸ್ಸು ಹತ್ತಿದಳು. ನಂಬರು ಬರೆದ ಸರಿತಾಳನ್ನು ಹುಡುಕಿದಳು. ಹುಡುಗಿಯ ಸರ್ವೆ ಕೆಲಸ ಮುಗಿದು, ಈಗ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಖೋಲಿಯಲ್ಲಿ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಮಾಸ್ತರರ ಸುದ್ದಿ ಕೇಳಿ ಮಷೀನು ನಿಲ್ಲಿಸಿ ಕಣ್ಣೊರೆಸಿಕೊಂಡಳು. ಆಮೇಲೆ ನಂಬರಿನ ಮಾತು ಕೇಳಿ ಸೀರೆಯ ಅಂಚನ್ನು ಮಡಚತೊಡಗಿದಳು.

"ಹೇಳವ್ವಾ" ಎಂದಳು ಅನುಸೂಯಾಬಾಯಿ. "ಇಷ್ಟು ದೂರ ಬಂದೀನಿ."

"ನಿಮ್ಮ ಸುಶೀಲಕುಮಾರ ಸರ್ ನನಗ ಕೇಳಿದ್ರಮ್ಮಾ. ನಂಬರ ಬರೆಯೂ ಬಣ್ಣ ಯಾವುದು, ತೊಳದ್ರ ಹೋಗ್ತದೇನು ಅಂತ. ನಾ ಹೇಳ್ದೆ, ಇದು ಆಯಿಲ್ ಪೇಂಟ್ ಸರ್, ಗ್ವಾಡಿ ಬಿದ್ರೂ ಇದು ಹೋಗೂದಿಲ್ಲ ಅಂತ. ಅವರು ನಕ್ಕು, ಹಂಗಾದ್ರ ಮುಚ್ಚಬೇಕು ಅಂದ್ರು. ನಾ ಚೇಷ್ಟಿ ಅಂತ ತಿಳ್ಕೊಂಡೆ."

ಅನುಸೂಯಾಬಾಯಿ ನೆಲ ನೋಡುತ್ತ ಕುಳಿತಳು. ಹುಡುಗಿ ಅವಳ ಮೊಣಕಾಲ ಮೇಲೆ ಕೈಯಿಟ್ಟಳು.

"ಮ್ಯಾಲ ಬಳದಿದ್ದು ಏನ್ರಿ? ಡಿಸ್ಟೆಂಪರ್ ಇರ್ಬೇಕು, ಮುಟ್ಟಿದ್ರ ಕೈಗಿ ಹತ್ತತದೇನು?"

"ಹತ್ತತದ. ದಿನಾ ಕಣ್ಣಿಗಿ ಒತ್ಕೋತೇನಿ, ರೆಪ್ಪಿ ಮ್ಯಾಲ ನೀಲಿ ಹತ್ತತದ."

"ಹಂಗಾದ್ರ ಹಗೂರ ಅದ್ರಿ. ಬಿಸಿನೀರ ಹಾಕಿ ತೆಂಗಿನ ನಾರಿಲೆ ತಿಕ್ಕಿದ್ರ ಮ್ಯಾಲಿಂದು ಬರ್ತದ, ನನ್ನ ನಂಬರ ಹಂಗೇ ಕೂತಿರ್ತದ."

ಮ್ಯಾಲಿಂದು ಎಂದರೆ ಏನೆಂದು ಹುಡುಗಿಗೆ ಗೊತ್ತಿರಲಿಲ್ಲ. ಅನುಸೂಯಾಬಾಯಿ ಹೇಳಲಿಲ್ಲ. ಔರಾದಿನಿಂದ ಬೀದರಿಗೆ ತಿರುಗಬೇಕಾದವಳು ಭಾಲ್ಕಿಯ ಬಸ್ಸು ಹತ್ತಿದಳು.

ಸುಶೀಲಕುಮಾರ ಮನೆಯಲ್ಲಿದ್ದ. ಅವನ ಹೆಂಡತಿ ಸುಮನ ಬಾಗಿಲು ತೆರೆದು, ಮಾಮಿ ಬಂದ್ರು ಎಂದು ಸಂತೋಷಪಟ್ಟು, ನೀರು ಕೊಟ್ಟು, ಒಲೆಗೆ ಅನ್ನ ಇಡಲು ಒಳಗೆ ಹೋದಳು. ಸುಶೀಲ ಕಾಲು ಮುಟ್ಟಿದ. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು. ಅವನಿಗೆ ತಿಳಿಯಿತು.

"ಔರಾದಿಗಿ ಹೋಗಿದ್ರೇನು?"

"ಹೋಗಿದ್ದೆ."

ಅವನು ಕುರ್ಚಿಯಲ್ಲಿ ಕುಳಿತ. ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ.

"ಕೇಳ್ರಿ ಮಾಮಿ. ಕಟ್ಟಡದ ನಕಾಶಿ ಬದಲಾತು. ಕೆಳಗಿನ ಅಂತಸ್ತಿನಾಗ ಅಂಗಡಿ ಮಾಡಬೇಕು ಅಂದ್ರು ಕಟ್ಟೂ ಮಂದಿ. ಅಂಗಡಿ ಬಂದ್ರ ಎರಡೂ ಸಾಲಿಗಿ ಮನಿ ಸಾಲೂದಿಲ್ಲ. ಒಂದ ಸಾಲು ಬಿಡಬೇಕಾತು."

"ನಮ್ಮ ಸಾಲು ಬಿಟ್ಟಿ."

"ಆ ಸಾಲು ಬಿಟ್ರ ಅವರು ಸುಮ್ಮನ ಕೂಡ್ತಾರೇನು? ರಹೀಮುನ್ನಿಸಾ ಖಾಲಾನ ಗಂಡ ಶರಫೋದ್ದೀನ, ಅವನ ಸಡ್ಡಕ ವಕೀಲ ಅದಾನ, ಕೋರ್ಟಿಗಿ ಹೋಗ್ತಾರ, ಹತ್ತು ವರ್ಷ ಕೆಲಸ ನಿಂದರ್ತದ. ನಮ್ಮವರು ನನ್ನ ಮಾತು ಕೇಳ್ತಾರ. ಊರ ಹೊರಗ ಕೊಳಾರ ಕಡಿ ಎಲ್ಲಿಯಾದ್ರೂ ಖೋಲಿ ಕೊಡಸ್ತೇನಿ. ನಿಮಗಂತೂ ನನ್ನ ಮನಿ ಇದ್ದೇ ಅದ."

"ಅಂಗಡಿಯಾಗ ನಿನಗೆಷ್ಟು?"

ಒಳಗೆ ಒಗ್ಗರಣೆಯ ಸಪ್ಪಳ ಕೇಳಿಸಿತು. ಅವನು "ಎರಡು" ಎಂದ.

"ನಂಬಿದವರನ್ನ ಯಾಕ ಬಿಟ್ಟಿ ಅಂದ್ರ, ನಂಬ್ಯಾರ ಅಂತ ಬಿಟ್ಟಿ. ಹೌದಿಲ್ಲೊ?"

"ನೀವು ಹಂಗ ತಿಳ್ಕೊಂಡ್ರ ನಾ ಏನ ಮಾಡ್ಲಿ."

"ನಿಮ್ಮ ಮಾಮಾ ಮೂರ್ತಿ ಮುಂದ ಕುಂತು ಅಂದಾರ, ನಿನ್ನ ಮಾತು ಅವರ ಮಾತು ಅಂತ. ನಾ ನಂಬರ ತೆಗದು ತೋರಸ್ತೇನಿ."

ಸುಶೀಲಕುಮಾರ ಮೊದಲ ಬಾರಿ ಅವಳ ಮುಖ ನೋಡಿದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಣ್ಣವನಿದ್ದಾಗ ಲೆಕ್ಕ ಬಿಡಿಸಿ ತಂದು ಪಾಟಿ ತೋರಿಸುವಾಗಿನ ದನಿ ಇತ್ತು.

"ನೀವು ಚಕ್ರಕ್ಕ ಕೈ ಹಚ್ಚೂದಿಲ್ಲ ಮಾಮಿ. ನನಗ ಗೊತ್ತದ. ನಿಮ್ಮ ಕೈಯಾಗೇ ಬೆಳದೀನಿ."

ಸುಮನ ತಾಟು ಬಡಿಸಿ ತಂದಳು. ಅನುಸೂಯಾಬಾಯಿ, "ಹೊಟ್ಟಿ ಸರಿ ಇಲ್ಲವ್ವಾ" ಎಂದು ಎದ್ದಳು. ಅನ್ನಕ್ಕೆ ಕೈಮುಗಿದು ಹೊರಗೆ ಬಂದಳು. ಬಸ್ಸಿನಲ್ಲಿ ಕಿಟಕಿಯ ಕಂಬಿ ಹಿಡಿದು ಕುಳಿತು ಅವನ ಮಾತನ್ನೇ ಯೋಚಿಸಿದಳು. ಮಗು ಕಳ್ಳತನ ಕಲಿಯಬಹುದು, ಸುಳ್ಳು ಕಲಿಯಬಹುದು. ಇವನು ಅವಳ ಭಕ್ತಿಯನ್ನೇ ಅಳತೆ ಮಾಡಿ, ಅದರಿಂದಲೇ ಬೀಗ ಮಾಡಿಸಿ ಅವಳ ಬಾಗಿಲಿಗೆ ಹಾಕಿದ್ದ.

ಮರುದಿನ ವಿಹಾರದಲ್ಲಿ ಸಾಲಿನವರನ್ನೆಲ್ಲ ಕೂಡಿಸಿ ನಡೆದದ್ದನ್ನು ಇದ್ದ ಹಾಗೆ ಹೇಳಿದಳು. ಸುಶೀಲನ ಹೆಸರನ್ನೂ ಹೇಳಿದಳು, ಎರಡು ಅಂಗಡಿಯನ್ನೂ ಹೇಳಿದಳು. ಕೇಳಿದವರಿಗೆ ಸಿಟ್ಟು ಬಂತು. ಆದರೆ ತೊಳೆಯುವ ಮಾತು ಬಂದಾಗ ಎಲ್ಲರೂ ತಲೆ ತಗ್ಗಿಸಿದರು.

"ಚಕ್ರಕ್ಕ ಬಿಸಿನೀರ ಉಗ್ಗೂದೇನ್ರಿ ಬಾಯೀ?" ಎಂದಳು ಚಂದ್ರಭಾಗಾ. "ನನ್ನ ಕೈಲಿಂದ ಆಗೂದಿಲ್ಲ. ಮನಿ ಇಲ್ಲದ ಇದ್ರೂ ಇರ್ತೇನಿ."

ಮಾತು ಆಡಿ ಎಲ್ಲರೂ ಎದ್ದು ಹೋದರು. ತಪಾಸಣೆಗೆ ಆರು ದಿನ ಉಳಿದಿತ್ತು. ಆ ಆರರಲ್ಲಿ ನಾಲ್ಕು ದಿನ ಅನುಸೂಯಾಬಾಯಿ ತನ್ನ ಗೋಡೆಯ ಮುಂದೆ ಕುಳಿತಳು. ಬಣ್ಣದ ಚಕ್ರ ತೊಳೆದರೆ ಭಗವಾನರು ತಿರುಗಿಸಿದ ಚಕ್ರ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಕೈ ಕೇಳುತ್ತಿರಲಿಲ್ಲ. ಮಾಸ್ತರರಿದ್ದರೆ ಒಂದು ಮಾತು ಕೇಳಬಹುದಿತ್ತು. ಅವರ ಫೋಟೊದ ಮುಂದೆ ನಿಂತಳು. ಫೋಟೊ ಏನು ಹೇಳೀತು? ಆದರೆ ಅದನ್ನು ನೋಡುತ್ತಿದ್ದಾಗ ಅವಳಿಗೆ ಅನಿಸಿತು: ಚಕ್ರ ಅಳಿಸಿದರೆ ಪಾಪ ನನ್ನ ಒಬ್ಬಳಿಗೆ, ಅಳಿಸದಿದ್ದರೆ ಸುಳ್ಳು ಅವರಿಗೆ. ಸತ್ತ ಮನುಷ್ಯ ತಿರುಗಿ ಬಂದು ತನ್ನ ಮಾತು ತಿದ್ದಿಕೊಳ್ಳಲಾರ.

ಐದನೆಯ ದಿನ ಮಧ್ಯಾಹ್ನ ಸೆರಗು ಸಿಕ್ಕಿಸಿ ಹೊರಗೆ ಬಂದಳು. ಮನೆಯಲ್ಲಿ ಗ್ಯಾಸು ತೀರಿತ್ತು. ಎದುರು ಕಟ್ಟೆಯ ರಹೀಮುನ್ನಿಸಾ ಅವಳ ಕೈಯಲ್ಲಿನ ತಪ್ಪಲೆ, ತೆಂಗಿನ ನಾರು ನೋಡಿ ಒಳಗೆ ಹೋಗಿ, ತನ್ನ ಒಲೆಯ ಮೇಲಿನ ಬಿಸಿನೀರು ತಂದು ಇಟ್ಟಳು.

"ನಾ ತಿಕ್ಕಲೇನು ಅಕ್ಕಾ? ನಿಮ್ಮ ಕೈಗಿ ಬ್ಯಾಡಾಗಿದ್ರ."

"ಬ್ಯಾಡ ರಹೀಮಾ. ನೀ ಮುಟ್ಟಿದ್ರ ಅದಕೊಂದು ಬ್ಯಾರೇ ಕಥಿ ಹುಟ್ತದ. ನೀರು ತಂದಿಯಲ್ಲ, ಸಾಕು."

ಅನುಸೂಯಾಬಾಯಿ ತ್ರಿಶರಣ ಹೇಳಿಕೊಂಡಳು. ನೀರು ಹಾಕಿದಳು. ನೀಲಿ ಇಳಿದು ಅವಳ ಮೊಣಕೈಯವರೆಗೆ ಹರಿಯಿತು. ತಿಕ್ಕಿದಳು. ಇಪ್ಪತ್ನಾಲ್ಕು ಕಡ್ಡಿ ಒಂದೊಂದಾಗಿ ಹೋದವು, ಅದರ ಕೆಳಗಿನ ಬಿಳಿ ಹೋಯಿತು. ಒಳಗಿನಿಂದ ಕೆಂಪು ಗೆರೆ ಬಂತು. ಹದಿಮೂರು. ಸರಿತಾ ಬರೆದಾಗ ಇದ್ದಷ್ಟೇ ಸ್ವಚ್ಛ. ಅವಳು ಅಳುತ್ತಿದ್ದದ್ದು ಅವಳಿಗೆ ಆಮೇಲೆ ತಿಳಿಯಿತು.

ಬಾಗಿಲುಗಳಲ್ಲಿ ಮಂದಿ ನಿಂತು ನೋಡುತ್ತಿದ್ದರು. ಯಾರೋ ಮೊಬೈಲು ಎತ್ತಿ ಹಿಡಿದಿದ್ದರು. ಸಂಜೆಯ ಹೊತ್ತಿಗೆ ಚಂದ್ರಭಾಗಾಳ ಗೋಡೆಯ ಮುಂದೆ ನೀರು ಹರಿದಿತ್ತು. ಮರುದಿನ ಮಧ್ಯಾಹ್ನದೊಳಗೆ ಹತ್ತೊಂಬತ್ತು ಮನೆಯೂ ತೊಳೆದುಕೊಂಡಿತು. ಬಾಗಿಲು ಎಳೆದುಕೊಂಡು, ಯಾರೂ ಯಾರ ಮುಖವನ್ನೂ ನೋಡದೆ ತೊಳೆದರು.

ಇಪ್ಪತ್ತೆಂಟಕ್ಕೆ ಅಧಿಕಾರಿ ಬಂದ. ಪಟ್ಟಿ ಹಿಡಿದು ಒಂದರಿಂದ ಹತ್ತೊಂಬತ್ತರವರೆಗೆ ನಡೆದ. "ಮೊದಲೇ ಹಿಂಗ ಇಡಬಾರದಿತ್ತೇನ್ರಿ" ಎಂದು ಗುರುತು ಹಾಕಿಕೊಂಡು ಹೋದ. ವಾರದಲ್ಲಿ ಪಟ್ಟಿ ಹೊರಬಿತ್ತು. ಮೂವತ್ತಾರು ಮನೆ. ಅಂಗಡಿಗಳು ಇರಲಿಲ್ಲ.

ಆ ಸಂಜೆ ಅವಳು ಮಾಸ್ತರರ ಫೋಟೊದ ಮುಂದೆ ದೀಪ ಹಚ್ಚಿ, "ನಿಮ್ಮ ಮಾತು ಉಳೀತ್ರಿ" ಎಂದಳು.

ಆಮೇಲೆ ಬೇರೊಂದು ಫೋಟೊ ಬಂತು. ಮೊಬೈಲಿನಲ್ಲಿ ಹಿಡಿದದ್ದು. ಅನುಸೂಯಾಬಾಯಿಯ ಕೈ ಮೊಣಕೈವರೆಗೆ ನೀಲಿ, ಗೋಡೆಯ ಮೇಲೆ ಅರ್ಧ ಉಳಿದ ಚಕ್ರ. ವಂದನೆ ಹೇಳಿಸುವ ಬಾಯಿಯೇ ಧಮ್ಮಚಕ್ರ ಅಳಿಸಿದಳು ಎಂದು ಕೆಳಗೆ ಬರೆದಿತ್ತು. ಖಟಕ ಚಿಂಚೋಳಿಗೆ ಹೋಯಿತು, ಭಾಲ್ಕಿಗೆ ಹೋಯಿತು, ಔರಾದಿನ ಕಡೆಯ ಹಳ್ಳಿಗಳಿಗೆ ಹೋಯಿತು. ಬೀಗರಿಂದ, ಅಣ್ಣತಮ್ಮಂದಿರಿಂದ ಗಲ್ಲಿಯ ಮನೆಮನೆಗೆ ಫೋನು ಬರತೊಡಗಿತು. ನಿಮ್ಮ ಗಲ್ಲಿಯಲ್ಲಿ ಏನು ನಡೆದಿದೆ? ನೀವೂ ಅಳಿಸಿದಿರಾ? ಚಂದ್ರಭಾಗಾಳ ಮಗಳ ನಿಶ್ಚಯ ಆಗಿತ್ತು. ಗಂಡಿನವರು ಎರಡು ಸಲ ಕೇಳಿದರು.

ರವಿವಾರ ಸಮಿತಿಯ ಸಭೆ ಸೇರಿತು. ಅಧ್ಯಕ್ಷ ಸುಶೀಲಕುಮಾರನೇ. ಅವನನ್ನು ತೆಗೆಯುವ ಮಾತು ಯಾರೂ ಎತ್ತಿರಲಿಲ್ಲ. ಬಾಡಿಗೆಯ ಕಾಗದಕ್ಕೆ ಸಮಿತಿಯ ಸಹಿ ಬೇಕಿತ್ತು. ಮೊಣಕಾಲು ನೋವಿನವರಿಗೆ ಕೆಳಗಿನ ಅಂತಸ್ತು ಬೇಕಿತ್ತು. ಯಾರಿಗೆ ಎಲ್ಲಿ ಎಂಬುದನ್ನು ಬರೆದುಕೊಡುವವನು ಅವನೇ.

ಅನುಸೂಯಾಬಾಯಿ ಬಿಳಿ ಸೀರೆ ಉಟ್ಟು ಹೋದಾಗ ಅವಳ ಜಾಗದಲ್ಲಿ ಬೇರೊಬ್ಬಳು ಕುಳಿತಿದ್ದಳು. ಇವಳು ಬದಿಗೆ ಸರಿದು ಕುಳಿತಳು.

ಸುಶೀಲಕುಮಾರ ಮೆತ್ತಗೆ ಮಾತಾಡಿದ. "ಮಾಮಿ ನಮಗೆಲ್ಲ ತಾಯಿ ಇದ್ದಾಂಗ. ಕ್ಷಮಾ ಅಂತ ಏನೂ ಕೇಳೂದು ಬ್ಯಾಡ. ದುಃಖದಾಗ ತಪ್ಪಾತು ಅಂತ ಒಂದ ಮಾತು ಅಂದ್ರ, ಹಳ್ಳಿ ಮಂದಿಗಿ ನಾವು ಹೇಳ್ಕೋತೀವಿ."

ಅವಳು ಎದ್ದು ನಿಂತಳು. ಅವನ ಕಡೆ ನೋಡಲಿಲ್ಲ. ಹಿಂದೆ ಕುಳಿತ ಹೆಂಗಸರ ಕಡೆ ತಿರುಗಿದಳು.

"ಬಣ್ಣ ಯಾರ ತಂದ್ರು, ನಂಬರಿನ ಮ್ಯಾಲೇ ಚಕ್ರ ಯಾಕ ಬರೆಸಿದ್ರು, ನಾ ಇದೇ ಜಾಗಾದಾಗ ನಿಂತು ಹೇಳೀನಿ. ನಿಮಗೆಲ್ಲರಿಗೂ ಗೊತ್ತದ. ನಾವ್ಯಾಕ ತೊಳದೀವಿ, ಯಾರಾದ್ರೂ ಒಬ್ಬರು ಎದ್ದು ಹೇಳ್ರಿ. ಒಬ್ಬರು ಸಾಕು."

ಫ್ಯಾನು ತಿರುಗುತ್ತಿತ್ತು. ಒಬ್ಬಳು ಮಗುವಿನ ಅಂಗಿಯ ಗುಂಡಿ ಹಾಕತೊಡಗಿದಳು. ಒಬ್ಬ ಮುದುಕ ಕೆಮ್ಮಿದ. ಅನುಸೂಯಾಬಾಯಿ ಚಂದ್ರಭಾಗಾಳನ್ನು ನೋಡಿದಳು. ಮೂವತ್ತು ವರ್ಷ ಒಂದೇ ಗೋಡೆಯ ಆ ಕಡೆ ಈ ಕಡೆ ಇದ್ದವರು.

ಚಂದ್ರಭಾಗಾ ಕುಳಿತಲ್ಲಿಂದಲೇ ಹೇಳಿದಳು. "ನೀವು ಮೊದಲ ತೊಳದ್ರಿ ಬಾಯೀ. ನೀವು ತೊಳದ್ರಿ ಅಂತ ನಾವು ತೊಳದೀವಿ. ನಮಗೇನ ತಿಳೀತದ?" ಮಗಳ ಕಡೆಗೊಮ್ಮೆ ನೋಡಿ, ಮತ್ತೆ ಹೇಳಿದಳು. "ನೀರೂ ಆ ಸಾಲಿನ ಮನಿಯಿಂದ ಬಂದಿತ್ತು. ಅದನ್ನೂ ಮಂದಿ ಕೇಳಾಕತ್ಯಾರ."

ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಭಾಲ್ಕಿಯಲ್ಲಿ ಸುಶೀಲ ಅಂದದ್ದೂ ಸುಳ್ಳಾಗಿರಲಿಲ್ಲ.

"ನೀರಿನ ಮಾತು ಎತ್ತಬ್ಯಾಡ ಚಂದ್ರಭಾಗಾ" ಎಂದಳು. "ಅಕಿ ನೀರಿಲೆ ನಿನಗ ಮನಿ ಬಂದದ. ನನಗ ಏನ ಅನ್ನೂದದ ಅನ್ರಿ. ತಪ್ಪಾತು ಅಂತ ನಾ ಅನ್ನೂದಿಲ್ಲ. ಅಂದ್ರ ಈ ಮೂರ್ತಿ ಮುಂದ ಸುಳ್ಳ ಹೇಳಿದ್ಹಂಗ ಆಗ್ತದ."

ಮೂರ್ತಿಗೆ ಮೂರು ಸಲ ಬಾಗಿ ಹೊರಗೆ ಬಂದಳು. ಹಿಂದೆ ಬೇರೊಬ್ಬಳ ದನಿಯಲ್ಲಿ ವಂದನೆ ಸುರುವಾಯಿತು. ಗಲ್ಲಿಯವರು ಅವಳ ಹಿಂದೆ ಹೇಳಿದರು.

ಮುಂದಿನ ವಾರ ಗಲ್ಲಿ ಖಾಲಿ ಆಗತೊಡಗಿತು. ದಿನಕ್ಕೆ ನಾಲ್ಕೈದು ಮನೆಯ ಸಾಮಾನು ಹೊರಗೆ ಬಂತು. ಅನುಸೂಯಾಬಾಯಿಗೆ ಮೈಲೂರಿನಲ್ಲಿ ಒಂದು ಖೋಲಿ ಸಿಕ್ಕಿತ್ತು. ಎದುರು ಸಾಲಿನವರ ಸರದಿ ಮೊದಲು ಬಂದು ರಹೀಮುನ್ನಿಸಾ ಹಿಂದಿನ ದಿನವೇ ಹೋಗಿದ್ದಳು. ಹೋಗುವಾಗ ಅನುಸೂಯಾಬಾಯಿಯ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಅವಳ ಗಂಡ ಶರಫೋದ್ದೀನ, "ನಡಿ, ಈ ಮಾತಿನಾಗ ನಮ್ಮ ಹೆಸರೂ ಸೇರಿಸ್ಯಾರ ಆಗಲೇ" ಎಂದು ಕರೆದುಕೊಂಡು ಹೋದ.

ಇವಳ ಸಾಮಾನು ಹೆಚ್ಚಿರಲಿಲ್ಲ. ಮಾಸ್ತರರ ಪುಸ್ತಕದ ಪೆಟ್ಟಿಗೆ, ಎರಡು ಕೊಡ, ಹಾಸಿಗೆ, ಫೋಟೊ. ಆಟೋದ ಅಜರ ಎಲ್ಲ ಏರಿಸಿದ. ಸಾಲಿನ ಬಾಗಿಲುಗಳಲ್ಲಿ ಇಬ್ಬರು ಮೂವರು ನಿಂತಿದ್ದರು. ಯಾರೂ ಹತ್ತಿರ ಬರಲಿಲ್ಲ. ಚಂದ್ರಭಾಗಾ ಗಂಟು ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ.

ಅನುಸೂಯಾಬಾಯಿ ಬಾಗಿಲು ಎಳೆದು ಕೀಲಿ ಹಾಕಿದಳು.

"ಅಮ್ಮಾ, ಕೀಲಿ ಯಾಕ ಹಾಕ್ತೀರಿ?" ಎಂದ ಅಜರ. "ನಾಳಿ ಮುಂಜಾನೆ ಜೆಸಿಬಿ ಬರ್ತದಲ್ರಿ."

"ಬರಲಿ" ಎಂದಳು.

ಊರಿಗೆ ಹೋಗುವಾಗಲೆಲ್ಲ ಆ ಕೀಲಿಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿ ರೂಢಿ. ಕಾಲು ತಾನಾಗಿ ಎರಡು ಹೆಜ್ಜೆ ಆ ಕಡೆ ಹೋಯಿತು. ನಿಂತಳು. ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಿರುಗಿ ಬಂದು ಆಟೋದಲ್ಲಿ ಕುಳಿತಳು.